ಸೂಚಿಯಿಂದ ಮೂಲಕ್ಕೆ: ಬೇಲೂರು-ಅರಸೀಕೆರೆ ಶಾಸನಗಳೂ ಯೂಸ್‌ನೆಟ್ ಬರಹಗಳೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವ ವಿದ್ಯಾರ್ಥಿಯು ಆ ದೇವಾಲಯದ ಆವರಣವನ್ನು ಬಿಟ್ಟು ಹೊರಡಬೇಕಾಗುತ್ತದೆ. ಅಲ್ಲಿಂದ ಸುಮಾರು 5 ಕಿಲೋಮೀಟರು ದೂರದಲ್ಲಿರುವ ಘಟ್ಟದಹಳ್ಳಿಯ ಕಲ್ಲೇಶ್ವರ ಗುಡಿಯ ಬಳಿಯ ಅವಶೇಷಗಳ ನಡುವೆ ದೊರೆತ ಶಾಸನವೊಂದು, ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು 1121ರ ವೇಳೆಗೆ ಈ ದೇವಾಲಯವನ್ನು ನಿರ್ಮಿಸಿದನೆಂಬುದನ್ನು ತಿಳಿಸುತ್ತದೆ. ಕಟ್ಟಡ ಒಂದು ಊರಿನಲ್ಲಿದೆ. ಅದರ ಇತಿಹಾಸ ಇನ್ನೊಂದು ಊರಿನಲ್ಲಿದೆ. ಎರಡರ ನಡುವಣ ದಾರಿಯನ್ನು ತೋರಿಸಿದುದು ಶಾಸನಗಳ ಸೂಚಿಯೇ ಹೊರತು ಬೇರೆಯಲ್ಲ. ಆ ಸೂಚಿ ಸಿದ್ಧವಾಗದೆ ಇದ್ದಿದ್ದರೆ ಘಟ್ಟದಹಳ್ಳಿಯ ಕಲ್ಲು ಇದ್ದೂ ಇಲ್ಲದಂತಾಗುತ್ತಿತ್ತು.

ಚದುರಿಬಿದ್ದ ಬರಹಗಳನ್ನು ಸೂಚಿಯ ಸಹಾಯದಿಂದ ಪತ್ತೆಹಚ್ಚಿ ಅವುಗಳ ಪ್ರತಿಯನ್ನು ಪಡೆಯುವ ಈ ಕಾರ್ಯ ಶಾಸನಶಾಸ್ತ್ರಕ್ಕೆ ಮಾತ್ರ ಸೀಮಿತವಾದುದಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗಣಕಯಂತ್ರಗಳ ಮೂಲಕ ಲೋಕದ ಜನರು ಪರಸ್ಪರ ಬರೆದುಕೊಂಡ ಸಾರ್ವಜನಿಕ ಪತ್ರಗಳ ರಾಶಿಯೊಂದಿದೆ. ಅದಕ್ಕೆ ಯೂಸ್‌ನೆಟ್ ಎಂದು ಹೆಸರು. ಕನ್ನಡಿಗರೂ ಅದರಲ್ಲಿ ಬರೆದರು. ಆ ಬರಹಗಳು ಈಗ ಚರಿತ್ರೆಯ ಆಕರಗಳಾಗುವ ಕಾಲ ಬಂದಿದೆ. ಅವನ್ನು ಹುಡುಕುವವನು ಎದುರಿಸುವ ತೊಡಕುಗಳಲ್ಲಿ ಬಹುಪಾಲನ್ನು ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸರು ಒಂದು ಶತಮಾನಕ್ಕೂ ಹಿಂದೆಯೇ ಎದುರಿಸಿದ್ದರು. ಆದ್ದರಿಂದ ಈ ಎರಡು ಬಗೆಯ ಸೂಚಿಗಳನ್ನು ಒಟ್ಟಿಗೆ ಇರಿಸಿ ಪರಿಶೀಲಿಸುವುದು, ಸೂಚಿಗೂ ಮೂಲಕ್ಕೂ ಇರುವ ಸಂಬಂಧವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

1. ಶಾಸನಗಳಿಗೆ ದೊರೆತ ವಿಳಾಸ

1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಪುರಾತತ್ತ್ವ ಸಂಶೋಧನೆಯ ನಿರ್ದೇಶಕರಾಗಿ 1906ರವರೆಗೆ ಕೆಲಸ ಮಾಡಿದರು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನ 12 ಸಂಪುಟಗಳಲ್ಲಿ ಅವರು ಪ್ರಕಟಿಸಿದ ಶಾಸನಗಳ ಸಂಖ್ಯೆ ಸುಮಾರು ಒಂಬತ್ತು ಸಾವಿರ. ಇವುಗಳಲ್ಲಿ ಐದನೆಯ ಸಂಪುಟ ಹಾಸನ ಜಿಲ್ಲೆಗೆ ಸಂಬಂಧಿಸಿದುದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು.

ಈ ಸಂಪುಟದ ವಿನ್ಯಾಸವನ್ನು ಗಮನಿಸಬೇಕು. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ವಿಂಗಡಿಸಿ, ಪ್ರತಿಯೊಂದು ತಾಲ್ಲೂಕಿಗೂ 1ರಿಂದ ಮೊದಲಾಗುವ ಸಂಖ್ಯೆಗಳನ್ನು ಕೊಡಲಾಗಿದೆ. ‘ಬೇಲೂರು 58’ ಎಂದರೆ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣ ದೇವರನ್ನು ಪ್ರತಿಷ್ಠಿಸಿದುದನ್ನು ಹೇಳುವ ಶಾಸನ. ‘ಬೇಲೂರು 124’ ಎಂದರೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನ. ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಆ ಬಸದಿಯನ್ನು ಕಟ್ಟಿಸಿದ ಸಂಗತಿ ಅದರಿಂದ ತಿಳಿದುಬರುತ್ತದೆ. ‘ಅರಸೀಕೆರೆ 77’ ಎಂದರೆ 1220ರಲ್ಲಿ ರೇಚರಸನು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದ ವಿಚಾರ. ಹೊಯ್ಸಳರನ್ನು ಕುರಿತು ಬರೆದ ವಿದ್ವಾಂಸರು ಈ ಸಂಖ್ಯೆಗಳ ಮೂಲಕವೇ ಒಬ್ಬರೊಡನೊಬ್ಬರು ಮಾತನಾಡಿದ್ದಾರೆ. ಲಂಡನ್ನಿನಲ್ಲಿ ಕುಳಿತವನೂ ಧಾರವಾಡದಲ್ಲಿ ಕುಳಿತವನೂ ‘ಬೇಲೂರು 58’ ಎಂದೊಡನೆ ಒಂದೇ ಕಲ್ಲನ್ನು ನೆನೆಯುವಂತಾಯಿತು.

ಆದರೆ ಈ ಸಂಖ್ಯೆ ಶಾಸನಕ್ಕೆ ಹುಟ್ಟಿನೊಡನೆ ಬಂದುದಲ್ಲ. ಶಾಸನವು ತನ್ನ ಕಾಲವನ್ನು ಹೇಳಿಕೊಳ್ಳುತ್ತದೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕೊಡುತ್ತದೆ. ಆಳುವ ಅರಸನನ್ನೂ ದಾನ ಕೊಟ್ಟವನನ್ನೂ ಪಡೆದವನನ್ನೂ ಹೆಸರಿಸುತ್ತದೆ. ಕೆಲವೊಮ್ಮೆ ಬರೆದವನ ಮತ್ತು ಕಂಡರಿಸಿದವನ ಹೆಸರುಗಳನ್ನೂ ತಿಳಿಸುತ್ತದೆ. ಸಂಖ್ಯೆಯಾದರೋ ಸಂಗ್ರಾಹಕನು ಹೊರಗಿನಿಂದ ಕೊಟ್ಟುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ ಬೇಲೂರು ತಾಲ್ಲೂಕಿನ ಶಾಸನಗಳು 1990ರಲ್ಲಿ ಒಂಬತ್ತನೆಯ ಸಂಪುಟವಾಗಿಯೂ ಅರಸೀಕೆರೆ ತಾಲ್ಲೂಕಿನವು 1997ರಲ್ಲಿ ಹತ್ತನೆಯ ಸಂಪುಟವಾಗಿಯೂ ಪ್ರಕಟವಾದುವು. ಸಂಪುಟಸಂಖ್ಯೆಯೊಡನೆ ಶಾಸನಸಂಖ್ಯೆಗಳೂ ಬದಲಾದುವು. ಹಳೆಯ ಸಂಶೋಧನ ಗ್ರಂಥಗಳನ್ನು ಓದುವವನು ಈಗ ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ಹೊಂದಾಣಿಕೆ ಮಾಡಿಕೊಳ್ಳಬೇಕು. ವಿಳಾಸವು ಬದಲಾಗಬಲ್ಲುದು, ಕಲ್ಲು ಮಾತ್ರ ಅದೇ.

2. ಪಡಿಯಚ್ಚು ಮತ್ತು ಪಾಠ

ವಿಳಾಸ ತಿಳಿದ ಮಾತ್ರಕ್ಕೆ ಶಾಸನ ಕೈಗೆ ಬಂದಂತಾಗುವುದಿಲ್ಲ. ಕಲ್ಲನ್ನು ತರುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದುದರಿಂದ ಅದರ ಪಡಿಯಚ್ಚನ್ನು ತೆಗೆಯುವ ಪದ್ಧತಿ ಏರ್ಪಟ್ಟಿತು. ಮೊದಲು ಕಲ್ಲನ್ನು ನೀರಿನಿಂದ ತೊಳೆದು ಅಕ್ಷರಗಳ ಕುಳಿಗಳಲ್ಲಿ ಸೇರಿದ ಮಣ್ಣನ್ನೂ ಹಾವಸೆಯನ್ನೂ ಕುಂಚದಿಂದ ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಗಟ್ಟಿಯಾದ ಕುಂಚದಿಂದ ಸಮನಾಗಿ ಬಡಿದು, ಕಾಗದವು ಅಕ್ಷರದ ಕುಳಿಗಳೊಳಕ್ಕೆ ಇಳಿಯುವಂತೆ ಮಾಡುತ್ತಾರೆ. ಬಳಿಕ ಮಸಿಯ ಗಾದಿಯಿಂದ ಮೆಲ್ಲನೆ ಒತ್ತಿದರೆ ಮೇಲ್ಮೈ ಕಪ್ಪಾಗಿ, ಕುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಕಾಗದವನ್ನು ಬಿಡಿಸಿಕೊಂಡರೆ ಶಾಸನವು ಹಾಳೆಯ ಮೇಲೆ ಬಂದಿರುತ್ತದೆ.

ರೈಸ್ ಅವರ ಸಂಪುಟದ ಹಿರಿಮೆ ಇರುವುದು ಇಲ್ಲಿ. ಅವರು ಊರು, ಕಾಲ, ಅರಸು ಇವಿಷ್ಟನ್ನು ಪಟ್ಟಿಮಾಡಿ ನಿಲ್ಲಲಿಲ್ಲ. ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನು ಸೇರಿಸಿ, ಕಾಲಾನುಕ್ರಮದ ಪಟ್ಟಿಯೊಂದನ್ನೂ ಜೋಡಿಸಿದರು. ಹೀಗೆ ಆ ಗ್ರಂಥ ಸೂಚಿಯೂ ಆಯಿತು, ಪ್ರತಿಯೂ ಆಯಿತು. ಶಾಸನದ ಕಲ್ಲು ಮೆಟ್ಟಿಲಾಗಿಯೋ ಬಟ್ಟೆ ಒಗೆಯುವ ಬಂಡೆಯಾಗಿಯೋ ಸವೆದುಹೋದರೂ ಅದರ ಪಾಠ ಸಂಪುಟದಲ್ಲಿ ಉಳಿಯುತ್ತದೆ. ಪಾಠವಿರುವಲ್ಲಿ ವಿಮರ್ಶೆಗೂ ಎಡೆಯಿದೆ. ಒಬ್ಬರ ಓದನ್ನು ಮತ್ತೊಬ್ಬರು ತಿದ್ದಬಹುದು; ಬರಿಯ ಸಾರಾಂಶವನ್ನು ಯಾರೂ ತಿದ್ದಲಾರರು.

3. ಸೂಚಿಯ ಹೊರಗೆ ಉಳಿದ ಹಲ್ಮಿಡಿ

ಎಷ್ಟೇ ಶ್ರಮದಿಂದ ಸಿದ್ಧಗೊಂಡ ಸೂಚಿಯಾದರೂ ಪೂರ್ಣವೆಂದು ಭಾವಿಸಲಾಗದು. ಇದಕ್ಕೆ ಬೇಲೂರು ತಾಲ್ಲೂಕಿಗಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ. 1902ರ ಸಂಪುಟವನ್ನು ಮೊದಲಿಂದ ಕೊನೆಯವರೆಗೆ ಶೋಧಿಸಿದರೂ ಹಲ್ಮಿಡಿ ಶಾಸನ ಅದರಲ್ಲಿ ಸಿಕ್ಕದು. ಕನ್ನಡ ಭಾಷೆಯ ಚರಿತ್ರೆಯಲ್ಲಿ ಅಗ್ರಸ್ಥಾನವನ್ನು ಪಡೆದ, ಸುಮಾರು 5ನೆಯ ಶತಮಾನಕ್ಕೆ ಸೇರಿದ ಈ 16 ಸಾಲುಗಳ ಶಾಸನ ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿಂತಿತ್ತು. ಅದನ್ನು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರು 1936ರ ವಾರ್ಷಿಕ ವರದಿಯಲ್ಲಿ ಬೆಳಕಿಗೆ ತಂದರು. ವಿಜ ಅರಸನೆಂಬುವನ ಪರಾಕ್ರಮಕ್ಕೆ ಮೆಚ್ಚಿ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ದಾನವಾಗಿ ಕೊಟ್ಟ ವಿಷಯ ಅದರಲ್ಲಿದೆ. ಇಂದು ಮೂಲಶಾಸನ ಮೈಸೂರಿನಲ್ಲಿದ್ದು, ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ.

ಇದರಿಂದ ಎರಡು ಅಂಶಗಳು ವಿದಿತವಾಗುತ್ತವೆ. ಸೂಚಿಯಲ್ಲಿಲ್ಲದುದನ್ನು ‘ಇಲ್ಲ’ವೆಂದು ಹೇಳುವ ಅಧಿಕಾರ ನಮಗಿಲ್ಲ ಎಂಬುದು ಮೊದಲನೆಯದು. ಸೂಚಿಗೆ ಸೇರುವವರೆಗೆ ಅತ್ಯಂತ ಮಹತ್ತ್ವದ ಬರಹವೂ ವಿದ್ವಲ್ಲೋಕದ ಪಾಲಿಗೆ ಮೌನವಾಗಿರುತ್ತದೆ ಎಂಬುದು ಎರಡನೆಯದು.

ಇನ್ನೊಂದು ತೊಡಕೂ ಇದೆ, ಅದು ಹೆಸರುಗಳದು. ಹಳೇಬೀಡು ಎಂಬ ಹೆಸರನ್ನು ಹಿಡಿದು ಹೊಯ್ಸಳರ ಶಾಸನಗಳ ಪಾಠದಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಅಲ್ಲಿ ಅದು ದೋರಸಮುದ್ರ. ಬೇಲೂರು ಬೇಲುಹೂರು ಎಂದೂ ವೇಲಾಪುರ ಎಂದೂ, ಅರಸೀಕೆರೆ ಅರಸಿಯಕೆರೆ ಎಂದೂ ಬರುತ್ತವೆ. ರಾಜವಂಶದ ಹೆಸರೇ ಪೊಯ್ಸಳ, ಹೊಯ್ಸಳ ಎಂಬ ಎರಡು ರೂಪಗಳಲ್ಲಿ ಕಾಣುತ್ತದೆ. ಸೂಚಿಯನ್ನು ಬಳಸುವವನು ತನ್ನ ಕಾಲದ ಹೆಸರಿನಿಂದ ಹೊರಟು ಬರಹದ ಕಾಲದ ಹೆಸರಿಗೆ ತಲಪಬೇಕು.

4. ಯೂಸ್‌ನೆಟ್ಟಿನ ಸ್ವರೂಪ

ಇನ್ನು ಗಣಕಯುಗದ ಬರಹಗಳ ಕಡೆಗೆ ಬರೋಣ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೂಸ್‌ನೆಟ್ಟನ್ನು ಕಲ್ಪಿಸಿದರು. ಮರುವರ್ಷ ಅದು ಬಳಕೆಗೆ ಬಂದಿತು. ಅದಕ್ಕೆ ಕೇಂದ್ರಸ್ಥಾನವೆಂಬುದಿಲ್ಲ. ಒಂದು ಸಂಸ್ಥೆಯ ಸರ್ವರಿಗೆ ಯಾರಾದರೂ ಬರಹವೊಂದನ್ನು ಒಪ್ಪಿಸಿದರೆ, ಅದು ನೆರೆಯ ಸರ್ವರಿಗೆ, ಅಲ್ಲಿಂದ ಅದರ ನೆರೆಗೆ ಹೀಗೆ ಪ್ರತಿಪ್ರತಿಯಾಗಿ ಹಬ್ಬುತ್ತದೆ. ಪ್ರತಿಯೊಂದು ಸರ್ವರೂ ತನ್ನ ಶಕ್ತಿಗೆ ತಕ್ಕಷ್ಟು ಕಾಲ ಅದನ್ನು ಇಟ್ಟುಕೊಂಡು ಅನಂತರ ಅಳಿಸಿಬಿಡುತ್ತದೆ. ಶಾಸನಕ್ಕೆ ಮೂಲ ಒಂದೇ, ನೆಲೆಯೂ ಒಂದೇ. ಯೂಸ್‌ನೆಟ್ ಬರಹಕ್ಕಾದರೋ ಸಮಾನವಾದ ಪ್ರತಿಗಳು ಸಾವಿರಾರು. ಆದರೆ ಅವುಗಳಲ್ಲಿ ಒಂದಕ್ಕೂ ಸ್ಥಿರವಾದ ನೆಲೆಯಿಲ್ಲ.

ಪ್ರತಿಯೊಂದು ಬರಹಕ್ಕೂ ತಲೆಯ ಭಾಗದಲ್ಲಿ ಕೆಲವು ಸಾಲುಗಳಿರುತ್ತವೆ. ಬರೆದವನ ಹೆಸರು, ದಿನಾಂಕ, ಯಾವ ಗುಂಪಿಗೆ ಬರೆದುದು, ವಿಷಯ, ಯಾವ ಯಾವ ಸರ್ವರುಗಳ ಮೂಲಕ ಬಂದಿತು ಎಂಬ ವಿವರಗಳು ಅಲ್ಲಿ ಇರುತ್ತವೆ. ಇವುಗಳೊಡನೆ ‘ಮೆಸೇಜ್ ಐಡಿ’ ಎಂಬ ಗುರುತು ಇರುತ್ತದೆ. ಒಂದು ಬರಹಕ್ಕೆ ಕೊಟ್ಟ ಗುರುತನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ‘ಬೇಲೂರು 58’ ಎಂಬುದನ್ನು ರೈಸ್ ಅವರು ಏಳು ನೂರ ಎಂಬತ್ತೈದು ವರ್ಷಗಳ ತರುವಾಯ ಕೊಟ್ಟರು. ಯೂಸ್‌ನೆಟ್ ಬರಹವಾದರೋ ತನ್ನ ಗುರುತನ್ನು ಹೊತ್ತುಕೊಂಡೇ ಹುಟ್ಟುತ್ತದೆ. ಸೂಚೀಕಾರನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

5. ಸೂಚೀತಾಣವು ಕೆಲಸ ಮಾಡುವ ಕ್ರಮ

ಸರ್ವರುಗಳಲ್ಲಿರುವ ಬರಹಗಳ ತಲೆಸಾಲುಗಳನ್ನು ಕ್ರಮವಾಗಿ ಓದಿ, ವಿಷಯ, ಗುಂಪು, ದಿನಾಂಕಗಳ ಪ್ರಕಾರ ಜೋಡಿಸಿ, ಹುಡುಕುವವರಿಗೆ ಒದಗಿಸುವ ಅಂತರಜಾಲ ತಾಣಗಳು ಏರ್ಪಟ್ಟಿವೆ. ಇವನ್ನು ಸೂಚೀತಾಣಗಳೆನ್ನಬಹುದು. ಓದುಗನು ಅಲ್ಲಿ ಒಂದು ಪದವನ್ನು ಕೊಟ್ಟರೆ ತಾಣವು ಅದಕ್ಕೆ ಹೊಂದುವ ಬರಹಗಳ ಪಟ್ಟಿಯನ್ನು ತೋರಿಸುತ್ತದೆ. ಬೇಕಾದುದನ್ನು ಆರಿಸಿಕೊಂಡಾಗ ‘ಎನ್‌ಜೆಡ್‌ಬಿ’ ಎಂಬ ಸಣ್ಣ ಕಡತವೊಂದು ದೊರೆಯುತ್ತದೆ. ಅದರೊಳಗೆ ಮೂಲ ಬರಹವಿಲ್ಲ. ದೊಡ್ಡ ಕಡತಗಳನ್ನು ಯೂಸ್‌ನೆಟ್ಟಿನಲ್ಲಿ ಅನೇಕ ತುಂಡುಗಳಾಗಿ ಕಳುಹಿಸುವುದು ವಾಡಿಕೆ. ಆ ಒಂದೊಂದು ತುಂಡಿನ ಗುರುತು, ಗಾತ್ರ, ಅದು ಸೇರಿದ ಗುಂಪು ಇವು ಮಾತ್ರ ಅದರಲ್ಲಿರುತ್ತವೆ. ಓದುಗನ ಗಣಕದಲ್ಲಿರುವ ತಂತ್ರಾಂಶವು ಈ ಗುರುತುಗಳನ್ನು ಒಂದೊಂದಾಗಿ ಸರ್ವರಿಗೆ ಒಪ್ಪಿಸಿ, ದೊರೆತ ತುಂಡುಗಳನ್ನು ಇಳಿಸಿಕೊಂಡು, ಮತ್ತೆ ಜೋಡಿಸುತ್ತದೆ. ಬರಹ ಸರ್ವರಿನಲ್ಲಿದ್ದರೆ 220 ಎಂಬ ಸಂಕೇತದೊಡನೆ ಅದು ಬರುತ್ತದೆ. ಆ ಗುರುತಿನ ಬರಹ ಇಲ್ಲವಾದರೆ 430 ಎಂಬ ಉತ್ತರ ಮಾತ್ರ ಬರುತ್ತದೆ.

ಈ 430 ಎಂಬ ಉತ್ತರವನ್ನು ಚರಿತ್ರೆಯ ವಿದ್ಯಾರ್ಥಿ ಮನಸ್ಸಿನಲ್ಲಿಡಬೇಕು. ಸೂಚಿಯಲ್ಲಿ ಹೆಸರಿದೆ, ದಿನಾಂಕವಿದೆ, ಗುರುತೂ ಇದೆ, ಮೂಲವಿಲ್ಲ. ಸೂಚೀತಾಣವು ವಿಳಾಸಗಳ ಪುಸ್ತಕವೇ ಹೊರತು ರೈಸ್ ಅವರ ಸಂಪುಟದಂತೆ ಪಾಠಗಳ ಪುಸ್ತಕವಲ್ಲ. ಪಾಠವನ್ನು ಕೊಡದೆ ಊರಿನ ಹೆಸರನ್ನೂ ಸಂಖ್ಯೆಯನ್ನೂ ಮಾತ್ರ ಅವರು ಅಚ್ಚುಹಾಕಿಸಿದ್ದರೆ, ಸವೆದುಹೋದ ಕಲ್ಲುಗಳ ವಿಷಯದಲ್ಲಿ ನಮಗೆ ದೊರೆಯುತ್ತಿದ್ದುದೂ ಇಂತಹ ಉತ್ತರವೇ.

ತುಂಡುಗಳಲ್ಲಿ ಕೆಲವು ನಷ್ಟವಾದರೆ ಪೂರ್ತಿಗೊಳಿಸುವ ಉಪಾಯವೊಂದಿದೆ. ಮೂಲದೊಡನೆ ಲೆಕ್ಕಾಚಾರದಿಂದ ರಚಿಸಿದ ಹೆಚ್ಚುವರಿ ತುಂಡುಗಳನ್ನೂ ಕಳುಹಿಸಿರುತ್ತಾರೆ. ಅವುಗಳಿಂದ ಕಳೆದುಹೋದ ಕೆಲವು ಭಾಗಗಳನ್ನು ಮತ್ತೆ ಗಣಿಸಿಕೊಳ್ಳಬಹುದು. ಶಾಸನಗಳಲ್ಲಿಯೂ ಒಂದು ಬಗೆಯ ಪುನಾರಚನೆ ಉಂಟು. ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕ ಮುರಿದಿದ್ದರೆ, ಅದೇ ಶ್ಲೋಕ ನೂರಾರು ಶಾಸನಗಳಲ್ಲಿರುವುದರಿಂದ ಅದನ್ನು ತುಂಬಿಕೊಳ್ಳುವುದು ಸುಲಭ. ಆದರೆ ದಾನಿಯ ಹೆಸರೋ ಗದ್ದೆಯ ಎಲ್ಲೆಯೋ ಇದ್ದ ಸಾಲು ಒಡೆದಿದ್ದರೆ ಅದನ್ನು ಊಹೆಯಿಂದ ತುಂಬಲಾಗದು. ಎಲ್ಲೆಡೆಯೂ ಇರುವುದು ಉಳಿಯುತ್ತದೆ. ಒಂದೇ ಕಡೆ ಇರುವುದು ಅಳಿಯುತ್ತದೆ. ಚರಿತ್ರೆಗೆ ಬೇಕಾದುದು ಹೆಚ್ಚಾಗಿ ಈ ಎರಡನೆಯದೇ.

6. ಕನ್ನಡಿಗರ ಗುಂಪು ಮತ್ತು ಭಂಡಾರದ ಭವಿಷ್ಯ

ಭಾರತದಲ್ಲಿ ವಿದ್ಯಾಸಂಸ್ಥೆಗಳ ಗಣಕಗಳನ್ನು ಜೋಡಿಸುವ ಅರ್ನೆಟ್ ಯೋಜನೆ 1986ರಲ್ಲಿ ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಭಾಗಿಯಾಗಿತ್ತು. ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಿಂದ. ಯೂಸ್‌ನೆಟ್ಟಿನಲ್ಲಿ ಭಾರತೀಯ ಸಂಸ್ಕೃತಿಗೆ ಸಂಬಂಧಿಸಿದ ಗುಂಪುಗಳ ಜೊತೆಗೆ ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಗುಂಪೂ ಏರ್ಪಟ್ಟಿತು. ಹೊರನಾಡುಗಳಲ್ಲಿ ನೆಲಸಿದ ಕನ್ನಡಿಗರು ತಮ್ಮೂರಿನ ಸುದ್ದಿಯನ್ನು ಬಹಿರಂಗವಾಗಿ ಮಾತನಾಡಿಕೊಳ್ಳಲು ದೊರೆತ ಮೊದಮೊದಲ ಜಗಲಿಗಳಲ್ಲಿ ಅದೂ ಒಂದು.

ಈ ಗುಂಪಿನ ಬರಹಗಳಲ್ಲಿ ಹುಡುಕುವವನಿಗೆ ಹೆಸರುಗಳ ತೊಡಕು ಮತ್ತೆ ಎದುರಾಗುತ್ತದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದುವು. ಅಲ್ಲಿಯವರೆಗೆ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ದೀರ್ಘಸ್ವರವನ್ನು ಒಬ್ಬರು ಅಕ್ಷರವನ್ನು ಇಮ್ಮಡಿಸಿ ಸೂಚಿಸಿದರೆ ಇನ್ನೊಬ್ಬರು ದೊಡ್ಡಕ್ಷರದಿಂದ ಸೂಚಿಸುತ್ತಿದ್ದರು. ಮತ್ತೊಬ್ಬರು ಸೂಚಿಸುತ್ತಲೇ ಇರಲಿಲ್ಲ. ಹೀಗಾಗಿ ಅರಸೀಕೆರೆ ಎಂಬ ಒಂದೇ ಹೆಸರನ್ನು ನಾಲ್ಕೈದು ವರ್ಣಕ್ರಮಗಳಲ್ಲಿ ಹುಡುಕಬೇಕಾಗುತ್ತದೆ. ಯಂತ್ರವು ಕೊಟ್ಟ ಅಕ್ಷರಗಳನ್ನು ಮಾತ್ರ ಹೋಲಿಸುತ್ತದೆ. ದೋರಸಮುದ್ರವೇ ಹಳೇಬೀಡು ಎಂಬ ಅರಿವನ್ನು ಓದುಗನೇ ತರಬೇಕು.

ಈ ಬರಹಗಳು ಉಳಿದುಬಂದ ಬಗೆಯೂ ಶಾಸನಗಳ ಕಥೆಯನ್ನು ನೆನಪಿಗೆ ತರುತ್ತದೆ. ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ಎಂಬುವರು 1981ರಿಂದ ಒಂದು ದಶಕದ ಬರಹಗಳನ್ನು ಕಾಂತಪಟ್ಟಿಗಳಲ್ಲಿ ತುಂಬಿಟ್ಟರು. 1995ರಲ್ಲಿ ಡೆಜಾ ನ್ಯೂಸ್ ಎಂಬ ಸಂಸ್ಥೆ ಯೂಸ್‌ನೆಟ್ ಬರಹಗಳನ್ನು ಕೂಡಿಟ್ಟು ಹುಡುಕುವ ಸೌಕರ್ಯವನ್ನು ಕಲ್ಪಿಸಿತು. 2001ರಲ್ಲಿ ಗೂಗಲ್ ಸಂಸ್ಥೆ ಆ ಭಂಡಾರವನ್ನು ಕೊಂಡುಕೊಂಡಿತು. ಸ್ಪೆನ್ಸರ್ ಅವರ ಸಂಗ್ರಹವೂ ಅದೇ ವರ್ಷ ಅಲ್ಲಿಗೆ ಸೇರಿತು. 2024ರ ಫೆಬ್ರವರಿ 22ರಿಂದ ಗೂಗಲ್ ತನ್ನ ತಾಣದಲ್ಲಿ ಯೂಸ್‌ನೆಟ್ಟಿನ ಹೊಸ ಬರಹಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಹಳೆಯವನ್ನು ಮಾತ್ರ ಓದಲು ಬಿಟ್ಟಿತು. ಒಬ್ಬ ವ್ಯಕ್ತಿಯ ಶ್ರದ್ಧೆಯಿಂದ ಉಳಿದುದು ಒಂದು ವಾಣಿಜ್ಯಸಂಸ್ಥೆಯ ಇಚ್ಛೆಗೆ ಒಳಪಟ್ಟಿತು ಎಂದರೆ ಅತಿಶಯೋಕ್ತಿಯಾಗಲಾರದು.

7. ಎರಡು ಎಚ್ಚರಗಳು

ಈ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಶಾಸನವನ್ನು ಕಂಡರಿಸಿದವರು ಆಚಂದ್ರಾರ್ಕವಾಗಿ ಅದು ನಿಲ್ಲಲೆಂದು ಬಯಸಿದರು. ಎಲ್ಲರೂ ನೋಡಲೆಂದೇ ದೇವಾಲಯದಲ್ಲಿಯೂ ಊರ ಮುಂದೆಯೂ ನೆಟ್ಟರು. ಯೂಸ್‌ನೆಟ್ಟಿನಲ್ಲಿ ಬರೆದವನು ಬಹಿರಂಗವಾಗಿಯೇ ಬರೆದನಾದರೂ, ಕೆಲವು ವಾರಗಳಲ್ಲಿ ಅಳಿಯುವ ಮಾತೆಂದು ತಿಳಿದು ಬರೆದನು. ತನ್ನ ಬರಹವನ್ನು ಭಂಡಾರದಲ್ಲಿ ಇಡಬೇಡಿರೆಂದು ತಲೆಸಾಲಿನಲ್ಲಿಯೇ ಸೂಚಿಸುವ ಪದ್ಧತಿಯೂ ಮುಂದೆ ಬಂದಿತು. ಆದ್ದರಿಂದ ಸಂಶೋಧಕನು ಬರಹದ ಕಾಲ, ವಿಷಯಗಳನ್ನು ಉಪಯೋಗಿಸಿಕೊಳ್ಳುವಾಗ ಖಾಸಗಿ ವ್ಯಕ್ತಿಗಳ ಹೆಸರುಗಳ ವಿಷಯದಲ್ಲಿ ಸಂಯಮವನ್ನು ಪಾಲಿಸುವುದು ಯುಕ್ತ.

ಎರಡನೆಯದು ಹಕ್ಕಿನ ಪ್ರಶ್ನೆ. ‘ನಾವು ಸೂಚಿಯನ್ನು ಮಾತ್ರ ಇಟ್ಟಿದ್ದೇವೆ, ಮೂಲ ನಮ್ಮಲ್ಲಿಲ್ಲ’ ಎಂಬ ಸಮಾಧಾನ ಎಲ್ಲ ಕಡೆಯೂ ಸಲ್ಲುವುದಿಲ್ಲ. ಚಲನಚಿತ್ರ ಸಂಸ್ಥೆಗಳು ನ್ಯೂಜ್‌ಬಿನ್ ಎಂಬ ಸೂಚೀತಾಣದ ಮೇಲೆ ಹೂಡಿದ ವ್ಯಾಜ್ಯದಲ್ಲಿ ಲಂಡನ್ನಿನ ಹೈಕೋರ್ಟು 2010ರಲ್ಲಿ ಆ ತಾಣವು ಕೃತಿಸ್ವಾಮ್ಯವನ್ನು ಉಲ್ಲಂಘಿಸಿತೆಂದು ತೀರ್ಪಿತ್ತಿತು. ದಾರಿಯನ್ನು ತೋರಿಸುವವನಿಗೂ ಹೊಣೆಯುಂಟು. ವಿದ್ಯೆಗಾಗಿ ಹುಡುಕುವವನು ಪರರ ಸ್ವತ್ತನ್ನು ಇಳಿಸಿಕೊಳ್ಳುವುದಕ್ಕೆ ಸೂಚಿಯನ್ನು ನೆಪಮಾಡಿಕೊಳ್ಳಲಾಗದು.

ಇಷ್ಟರಿಂದ ನಾವು ತಲಪುವ ನಿರ್ಣಯ ಇದು. ಯಾವ ಸೂಚಿಯನ್ನಾದರೂ ಅದು ಮೂಲವನ್ನು ತಲಪಿಸುತ್ತದೆಯೇ, ಮೂಲವಳಿದ ಮೇಲೂ ಪಾಠವನ್ನು ಉಳಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕು. 1902ರ ಹಾಸನ ಸಂಪುಟ ಹಲ್ಮಿಡಿಯನ್ನು ಕಾಣದೆ ಹೋದರೂ, ತಾನು ಕಂಡುದರ ಪಾಠವನ್ನು ಕೊಟ್ಟುದರಿಂದ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು. ಇಂದಿನ ಸೂಚೀತಾಣ ಮೊದಲನೆಯದಕ್ಕೆ ಮಾತ್ರ, ಅದೂ ಸರ್ವರು ಇಟ್ಟುಕೊಂಡಿರುವಷ್ಟು ಕಾಲ ಮಾತ್ರ, ಉತ್ತರ ಕೊಡಬಲ್ಲುದು. ಕನ್ನಡಿಗರ ಯೂಸ್‌ನೆಟ್ ಬರಹಗಳನ್ನು ಆಕರವಾಗಿ ಬಳಸುವವರು ಗುಂಪಿನ ಹೆಸರು, ದಿನಾಂಕ, ಗುರುತು ಇವನ್ನು ಬರೆದಿಟ್ಟುಕೊಳ್ಳುವುದರ ಜೊತೆಗೆ ಪೂರ್ಣಪಾಠವನ್ನೂ ಇಳಿಸಿಕೊಂಡು ಗ್ರಂಥಾಲಯವೊಂದರಲ್ಲಿ ಇರಿಸಬೇಕು. ಹೆಸರುಗಳ ವಿವಿಧ ವರ್ಣಕ್ರಮಗಳ ಪಟ್ಟಿಯನ್ನು ಅದಕ್ಕೆ ಸೇರಿಸಬೇಕು. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಈ ಕೆಲಸವನ್ನು ಹಂಚಿಕೊಂಡರೆ ಇದು ಅಸಾಧ್ಯವೇನೂ ಅಲ್ಲ. ಹಲ್ಮಿಡಿಯ ಕಲ್ಲು ಹದಿನೈದು ಶತಮಾನಗಳ ಕಾಲ ನಮಗಾಗಿ ಕಾಯಬಲ್ಲುದಾಗಿತ್ತು. ಸರ್ವರಿನಲ್ಲಿರುವ ಬರಹ ಅಷ್ಟು ಕಾಯಲಾರದು.